ಏಳು ಮಳೆಗಾಲದ ಕುಣಿ

ಅವನು ನನ್ನ ಹೂಗಳನ್ನು ಗೇಟಿನ ಆಚೆ ಎಸೆಯುತ್ತಿದ್ದ. ಮೊದಲ ಸಲ ಎಸೆದಾಗ ನಾನೊಂದು ಕಲ್ಲು ತೆಗೆದು ಅವನ ಕಡೆ ಬೀಸಿದೆ. ಕಲ್ಲು ಅವನಿಗೆ ತಾಗಲಿಲ್ಲ. ಯಾರದೋ ಕುಣಿಯ ಮೇಲಿನ ಶಿಲುಬೆಗೆ ತಾಗಿ ಅದರ ಒಂದು ತೋಳು ಮುರಿದು ಬಿತ್ತು. ಅವನು ಹೋಗಿ ಆ ತುಂಡನ್ನು ಎತ್ತಿ, ಬೆರಳಿನಿಂದ ತಿಕ್ಕಿ ನೋಡಿ, ಮರಳು ಹೆಚ್ಚು, ಸಿಮೆಂಟು ಕಡಿಮೆ ಎಂದ. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಮನೆಗೆ ಹೋಗಿ ಉಂಡು ಮಲಗುತ್ತಿದ್ದೆ. ಬೈಯಲಿಲ್ಲವಾದ್ದರಿಂದ ಅಂದು ಅನ್ನ ಇಳಿಯಲಿಲ್ಲ. ಅವನ ಜೊತೆ ನನ್ನ ಸಂಬಂಧ ಶುರುವಾದದ್ದು ಹೀಗೆ, ಮುಗಿಯುವ ತನಕ ಬಹುತೇಕ ಹೀಗೆಯೇ ಇತ್ತು.

ಅವನ ಹೆಸರು ಬರೆಯುವುದಿಲ್ಲ. ತನ್ನ ಹೆಸರನ್ನು ಕಲ್ಲಿನ ಮೇಲಾಗಲಿ ಕಾಗದದ ಮೇಲಾಗಲಿ ಬರೆಸಬಾರದು ಎಂದು ಹೇಳಿ ಹೋಗಿದ್ದಾನೆ. ಅವನು ಹೇಳಿದ ಮಾತುಗಳಲ್ಲಿ ಹೆಚ್ಚಿನವನ್ನು ನಾನು ಕೇಳಿಲ್ಲ. ಇದೊಂದನ್ನು ಕೇಳುತ್ತೇನೆ.

ಹಳಿಯಾಳದಿಂದ ದಾಂಡೇಲಿಗೆ ಬರುವ ರಸ್ತೆಯ ಬದಿಗೆ ನಮ್ಮ ಸಣ್ಣ ಚರ್ಚು. ಹಿಂದೆ ಇಳಿಜಾರಿನಲ್ಲಿ ಸಿಮೆಟ್ರಿ. ಅವನು ಅಲ್ಲಿ ಕುಣಿ ತೆಗೆಯುವವನು, ನಾನು ಅದರ ಗೇಟಿನಲ್ಲಿ ಹೂ ಮಾರುವವಳು. ಬಾಡುವ ಹೂವಲ್ಲ. ತಂತಿಯನ್ನು ಬಳೆಯಂತೆ ಬಗ್ಗಿಸಿ, ಥರ್ಮಾಕೋಲು ಸುತ್ತಿ, ಪ್ಲಾಸ್ಟಿಕ್ ಹೂ ಚುಚ್ಚಿ, ರಿಬ್ಬನ್ನಿನ ಮೇಲೆ ಸತ್ತವರ ಹೆಸರು ಬರೆದು ಕೊಡುತ್ತಿದ್ದೆ. ನನಗೆ ಬರುವ ಅಕ್ಷರಗಳೆಲ್ಲ ಆ ಹೆಸರುಗಳಿಂದಲೇ ಬಂದವು. ಜನ ಚೀಟಿಯಲ್ಲಿ ಬರೆದು ತಂದದ್ದನ್ನು ನೋಡಿ ನೋಡಿ ಇಳಿಸಿ ಕಲಿತದ್ದು. ನವೆಂಬರಿನ ಸತ್ತವರ ಹಬ್ಬಕ್ಕೆ ಗೇಟಿನ ಎರಡೂ ಕಡೆ ನನ್ನ ಹೂಗಳೇ ತೂಗುತ್ತಿದ್ದವು. ಬಂದವರು ಇಷ್ಟಪಟ್ಟು ಒಯ್ಯುತ್ತಿದ್ದರು. ಮುಂದಿನ ವರ್ಷದ ತನಕ ಇರುತ್ತದೆ, ಮತ್ತೆ ಮತ್ತೆ ಬರಬೇಕಾಗಿಲ್ಲ ಎಂಬುದು ಅವರ ಲೆಕ್ಕ. ಇರುತ್ತದೆ ಎನ್ನುವುದೇ ಅವನ ತಕರಾರು.

ಅವನು ಜೋಯಿಡಾ ಕಡೆಯ ಕೊಂಕಣಿ ಮಾತಿನವನು. ಇಲ್ಲಿಗೆ ಬಂದು ನಮ್ಮ ಕನ್ನಡ ಕಲಿತಿದ್ದ, ಆದರೆ ಮಣ್ಣಿಗೆ ಮಾತ್ರ ಕೊನೆಯವರೆಗೂ ಮಾತಿ ಎಂದೇ ಅನ್ನುತ್ತಿದ್ದ. ನನ್ನನ್ನು ಕರೆಯುತ್ತಿದ್ದದ್ದು ಬಾಯೆ ಎಂದು. ಕುಳ್ಳ. ಬಲಗಾಲಿನ ಹೆಬ್ಬೆರಳಿಗೆ ಉಗುರಿಲ್ಲ, ಗುದ್ದಲಿ ತಿಂದಿತ್ತು. ಸಿಮೆಟ್ರಿಯ ಒಳಗೆ ಚಪ್ಪಲಿ ಹಾಕುತ್ತಿರಲಿಲ್ಲ. ದೊಡ್ಡ ಭಕ್ತನಾಗಿಬಿಟ್ಟೆ ಎಂದು ನಾನು ಹಂಗಿಸಿದ್ದಕ್ಕೆ, ಭಕ್ತಿಯಲ್ಲ, ಯಾವ ಕುಣಿ ಎಷ್ಟು ಮೆತ್ತಗಾಗಿದೆ ಎಂಬುದು ಕಾಲಿಗೆ ತಿಳಿಯುತ್ತದೆ ಎಂದ. ನಿಂತಲ್ಲೇ ನಿಂತು ಹಿಮ್ಮಡಿ ಒತ್ತಿ, ಇವಳು ಮುಗಿದಳು, ಇವನಿಗೆ ಇನ್ನೂ ಎರಡು ಮಳೆ ಬೇಕು ಎಂದು ಹೇಳುತ್ತಿದ್ದ. ಸಾರಿನ ಬೇಳೆ ನೋಡಿದ ಹಾಗೆ.

ಎಲ್ಲ ಕಡೆ ಕುಣಿ ತೋಡುವುದನ್ನು ನಾನು ನೋಡಿದ್ದೇನೆ. ಮಣ್ಣು ತೆಗೆದು ಬದಿಗೆ ಗುಡ್ಡೆ ಹಾಕುತ್ತಾರೆ, ಪೆಟ್ಟಿಗೆ ಇಳಿಸಿದ ಮೇಲೆ ಅದನ್ನೇ ಎಳೆದು ಮುಚ್ಚುತ್ತಾರೆ. ಅವನು ಹಾಗಲ್ಲ. ಮೇಲಿನ ಕಪ್ಪು ಮಣ್ಣನ್ನು ಒಂದು ಕಡೆ, ಕೆಳಗಿನ ಕೆಂಪು ಮಣ್ಣನ್ನು ಇನ್ನೊಂದು ಕಡೆ. ಮುಚ್ಚುವಾಗ ಕೆಂಪು ಕೆಳಗೆ, ಕಪ್ಪು ಮೇಲೆ. ತೋಡುವಾಗ ಎರೆಹುಳ ಸಿಕ್ಕರೆ ಎತ್ತಿ ಒದ್ದೆ ಗೋಣಿಯ ಮೇಲೆ ಇಡುತ್ತಿದ್ದ. ಒಮ್ಮೆ ದೊಡ್ಡ ಮನೆಯವರೊಬ್ಬರ ಹೆಣ ಬಂದಿತ್ತು. ಕಾರುಗಳು, ಕರಿ ಕನ್ನಡಕಗಳು, ಬೆಳಗಾವಿಯ ನೆಂಟರು. ಇವನು ಒಳಗೆ ಕೂತು ಹುಳ ಆರಿಸುತ್ತಿದ್ದಾನೆ. ಒಬ್ಬ ನೆಂಟ, ಏನು ಮಾಡ್ತೀಯಪ್ಪ, ಬಿಸಿಲು ಏರುತ್ತಿದೆ ಎಂದು ಗದರಿದ. ಇವನು ತಲೆ ಎತ್ತದೆ, "ನೀವು ಈಗ ಬಂದೀರಿ. ಇವರು ಮೊದಲಿಂದ ಈ ಮನ್ಯಾಗ ಇದ್ದಾರ. ಸ್ವಲ್ಪ ದಾರಿ ಬಿಡ್ರಿ" ಎಂದ. ನೆಂಟ ನಿಜವಾಗಿಯೂ ಎರಡು ಹೆಜ್ಜೆ ಹಿಂದೆ ಸರಿದ.

ಸಿಮೆಟ್ರಿ ಸಣ್ಣದು. ಒಂದು ಕಡೆ ರಸ್ತೆ, ಒಂದು ಕಡೆ ಕಾಡಿನ ಬೇಲಿ, ಕೆಳಗೆ ಹಳ್ಳ. ಆದ್ದರಿಂದ ಮೊದಲಿನಿಂದಲೂ ಒಂದು ಪದ್ಧತಿ ಇದೆ: ಏಳು ಮಳೆಗಾಲ ಆದ ಮೇಲೆ ಹಳೆಯ ಕುಣಿ ತೆಗೆದು, ಉಳಿದ ಎಲುಬುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಳದ ಮೂಲೆಗೆ ಇಟ್ಟು, ಅದೇ ಕುಣಿಯಲ್ಲಿ ಹೊಸಬರನ್ನು ಇಡುವುದು. ಗಂಡನ ಕುಣಿಗೆ ಹೆಂಡತಿ, ಅಪ್ಪನ ಕುಣಿಗೆ ಮಗ. ಮನೆಯವರು ಯಾರೂ ಇಲ್ಲದಿದ್ದರೆ ಯಾರದೋ ಕುಣಿಗೆ ಯಾರೋ. ಹಾಗೆ ತೆಗೆಯುವಾಗ ಅವನಿಗೆ ಕಾಣುತ್ತಿತ್ತು, ನಾವು ಒಳಗೆ ಏನೇನು ಕಳಿಸಿದ್ದೇವೆ ಎಂದು. ಮನುಷ್ಯ ಕರಗಿರುತ್ತಿದ್ದ, ನೈಲಾನ್ ಸೀರೆ ಮಡಿಕೆ ಸಮೇತ ಇರುತ್ತಿತ್ತು. ಪ್ಲಾಸ್ಟಿಕ್ ಜಪಮಾಲೆ, ಥರ್ಮಾಕೋಲು, ನನ್ನ ಹೂಗಳು. ಪ್ಲಾಸ್ಟಿಕ್ ಇದ್ದ ಕಡೆ ನೀರು ಇಳಿಯುವುದಿಲ್ಲ, ಹುಳ ಬರುವುದಿಲ್ಲ, ಏಳು ಹೋಗಿ ಹದಿನಾಲ್ಕಾದರೂ ನೆಲದ ಕೆಲಸ ಮುಗಿಯುವುದಿಲ್ಲ ಎನ್ನುತ್ತಿದ್ದ. ದೇವರು ಮೊದಲ ಮನುಷ್ಯನನ್ನು ಮಾತಿಯಿಂದ ಮಾಡಿದ, ಪಾಲಿಸ್ಟರಿನಿಂದ ಮಾಡಿದ್ದರೆ ನನಗೂ ಚಿಂತೆ ಇರಲಿಲ್ಲ ಎಂದು ಚಹಾದಂಗಡಿಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಅವನು ನಗುತ್ತಿರಲಿಲ್ಲ.

ಒಂದು ದಿನ ನನ್ನ ಮುಂದೆ ಒಂದು ಹೂಚಕ್ರ ತಂದು ಇಟ್ಟ. ತೊಳೆದಿದ್ದ. ನೀಲಿ ಹೂ, ಬಿಳಿ ಎಲೆ. "ನಿನ್ನ ಮಾಲು, ಬಾಯೆ. ನೆಲ ಒಲ್ಲೆ ಅಂತ" ಎಂದ. ನಾನು ಹೊಸ ರಿಬ್ಬನ್ ಕಟ್ಟಿ ಅದನ್ನು ಮತ್ತೆ ಮಾರಿದೆ. ಸುಳ್ಳು ಯಾಕೆ ಹೇಳಲಿ. ಆಮೇಲೂ ಎರಡು ಸಲ ತಂದ, ಎರಡು ಸಲವೂ ಮಾರಿದೆ. ನಾಲ್ಕನೆಯ ಸಲ ತರಲಿಲ್ಲ. ನಾಚಿಕೆಯಾಗುತ್ತದೆ ಎಂದು ತಿಳಿದು ತಂದಿದ್ದ ಅಂತ ಕಾಣುತ್ತದೆ. ನನ್ನ ನಾಚಿಕೆಯ ಮೇಲೆ ಅವನಿಗೆ ಅಷ್ಟು ಭರವಸೆ ಇತ್ತು.

ಎಮ್ಮೆಯ ಸಂಗತಿಯನ್ನೂ ಹೇಳಬೇಕು. ಒಂದು ವರ್ಷ ಸತ್ತವರ ಹಬ್ಬ ಮುಗಿದ ಎರಡನೆಯ ದಿನ ಅಕಾಲದ ಮಳೆ ಬಂತು. ಇಳಿಜಾರಿನ ಹೂವೆಲ್ಲ ಕೊಚ್ಚಿಕೊಂಡು ಹಳ್ಳಕ್ಕೆ ಹೋದವು. ಹಳ್ಳದ ಆಚೆ ಒಬ್ಬ ಲಿಂಗಾಯತ ರೈತನ ಗದ್ದೆ. ಆತ ನಾಲ್ಕೈದು ದಿನ ಬಿಟ್ಟು ಬೆಳಿಗ್ಗೆ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಸಿಮೆಟ್ರಿಯ ಗೇಟಿಗೆ ಬಂದ. ಕೈಯಲ್ಲಿ ಒಂದು ತಂತಿ. ಹಾಲು ಕೊಡುತ್ತಿದ್ದ ಎಮ್ಮೆ ಹೊಟ್ಟೆ ಉಬ್ಬಿ ಸತ್ತಿತ್ತು, ದನದ ಡಾಕ್ಟರು ಹೊಟ್ಟೆ ಕೊಯ್ದು ಈ ತಂತಿ, ಒಂದು ಮುಷ್ಟಿ ಪ್ಲಾಸ್ಟಿಕ್ ತೆಗೆದಿದ್ದರು. ಆತ ಕೂಗಾಡಲಿಲ್ಲ. "ಇದು ಯಾರದ್ರಿ?" ಎಂದು ಮಾತ್ರ ಕೇಳಿದ.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ತಂತಿಯ ತುದಿಯನ್ನು ನಾನು ಮೂರು ಸುತ್ತು ತಿರುವಿ ಒಳಗೆ ಮಡಚುತ್ತೇನೆ, ಚುಚ್ಚಬಾರದು ಎಂದು. ಈ ಕಡೆ ಬೇರೆ ಯಾರೂ ಹಾಗೆ ಮಾಡುವುದಿಲ್ಲ. ನಾನು ತಲೆ ಬಗ್ಗಿಸಿ ರಿಬ್ಬನ್ ಸುತ್ತತೊಡಗಿದೆ. ಅವನು ತಂತಿಯನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ. ಆಮೇಲೆ ರೈತನಿಗೆ, "ನಮ್ಮದು" ಎಂದ. ಅವಳದು ಎನ್ನಲಿಲ್ಲ. ಗುದ್ದಲಿ, ಹಾರೆ ಹೆಗಲಿಗೆ ಹಾಕಿಕೊಂಡು ಆತನ ಹಿಂದೆ ಹಳ್ಳ ದಾಟಿ ಹೋದ.

ಆ ಎಮ್ಮೆಗೆ ಕುಣಿ ತೋಡಲು ಅವನಿಗೆ ಸಂಜೆಯಾಯಿತು. ಅಲ್ಲಿಯೂ ಕಪ್ಪು ಮಣ್ಣು ಬೇರೆ, ಕೆಂಪು ಮಣ್ಣು ಬೇರೆ. ಮುಚ್ಚಿದ ಮೇಲೆ ಅಂಗಿಯ ಜೇಬಿನಿಂದ ತೀರ್ಥದ ಬಾಟಲಿ ತೆಗೆದು ಚಿಮುಕಿಸಿ, ಟೋಪಿ ತೆಗೆದು ಪ್ರಾರ್ಥನೆ ಹೇಳಿದನಂತೆ. ರೈತನೂ ಅವನ ಹೆಂಡತಿಯೂ ಕೈ ಮುಗಿದು ನಿಂತರಂತೆ. ಇದು ಚರ್ಚಿನ ಕಮಿಟಿಗೆ ಮುಟ್ಟಿತು. ಕಮಿಟಿಯ ಮುಖ್ಯಸ್ಥ ಒಬ್ಬ ಗುತ್ತಿಗೆದಾರ, ರಸ್ತೆ ಕೆಲಸ ಹಿಡಿಯುವವನು. ಸತ್ತ ಎಮ್ಮೆಗೆ ಮನುಷ್ಯರ ಪ್ರಾರ್ಥನೆ ಹೇಳಿದ, ಊರವರ ಮುಂದೆ ನಮ್ಮ ಮಾನ ಹೋಯಿತು ಎಂದು ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೆದುರು ಫಾದರಿಗೆ ದೂರು ಕೊಟ್ಟ. ಫಾದರ್ ವಯಸ್ಸಿನಲ್ಲಿ ಚಿಕ್ಕವರು. ಎಮ್ಮೆಗೆ ಆತ್ಮ ಇಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು.

"ಇಲ್ಲದಿದ್ರ ಇಲ್ಲ, ಫಾದರ್. ಮೈ ಇತ್ತಲ್ಲ? ನೆಲಕ್ಕ ಹೋಗೂದು ಮೈನ" ಎಂದ ಅವನು.

ಫಾದರ್ ನೆಲ ನೋಡುತ್ತ ನಕ್ಕರು. ಗುತ್ತಿಗೆದಾರ ನಗಲಿಲ್ಲ. ಮುಂದಿನ ಶನಿವಾರ ಕುಣಿ ತೆಗೆಯುವವನು ಪಾಪನಿವೇದನೆಗೆ ಹೋಗಿ ತಾನೊಂದು ಎಮ್ಮೆ ಕೊಂದೆ ಎಂದು ಹೇಳಿಕೊಂಡ. ಪಾಪನಿವೇದನೆಯ ಮಾತನ್ನು ಹೊರಗೆ ಹೇಳಬಾರದು ಎಂಬುದು ಪಾದ್ರಿಗಿರುವ ಕಟ್ಟಳೆ, ಅವನಿಗಿಲ್ಲವಲ್ಲ. ಚಹಾದಂಗಡಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಅದು ನಿನ್ನ ಪಾಪವಲ್ಲ ಎಂದರಂತೆ ಫಾದರ್. ನನ್ನ ಗೇಟಿನಿಂದ ಹೋಗಿದೆಯಲ್ಲ ಎಂದನಂತೆ ಇವನು. ನಾನೂ ಆ ಶನಿವಾರ ಅದೇ ಸಾಲಿನಲ್ಲಿ ನಿಂತಿದ್ದೆ. ನೆರೆಯವಳಿಗೆ ಬೈದದ್ದನ್ನು ಹೇಳಿದೆ, ಉಪವಾಸ ಮುರಿದದ್ದನ್ನು ಹೇಳಿದೆ. ಎಮ್ಮೆಯದನ್ನು ಹೇಳಲಿಲ್ಲ.

ಇನ್ನು ನನ್ನ ವಿಷಯ ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ತವರು ಧಾರವಾಡದ ಕಡೆ. ಗಂಡ ಇಲ್ಲಿ ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಕೆಲಸಕ್ಕಿದ್ದ. ಕ್ವಾರ್ಟರ್ಸ್ ಇತ್ತು. ಅವನು ಸತ್ತ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು, ಅದು ಎಲ್ಲರಿಗೂ ಇರುವ ಕಾಯಿದೆ. ಆಮೇಲೆ ಮೂರು ಬಾಡಿಗೆ ಮನೆ ಬದಲಿಸಿದೆ. ಒಂದು ಸೋರುತ್ತಿತ್ತು, ಒಂದರಲ್ಲಿ ಮಾಲೀಕನ ಮಗನಿಗೆ ಮದುವೆಯಾಯಿತು, ಈಗಿನದರಲ್ಲಿ ಕಿಟಕಿ ಇಲ್ಲ. ನನ್ನದು ಎಂದು ಕೈ ತೋರಿಸಿ ಹೇಳಲು ಇದ್ದದ್ದು ಒಂದೇ ಜಾಗ. ಕಾಡಿನ ಬೇಲಿಯ ಪಕ್ಕ ಮೂರನೆಯ ಸಾಲಿನಲ್ಲಿ ನನ್ನ ಗಂಡನ ಕುಣಿ. ಏಳು ಮಳೆಗಾಲ ಆದ ಮೇಲೆ ಯಾವಾಗ ಸತ್ತರೂ ನಾನು ಅಲ್ಲಿಗೆ ಹೋಗುವವಳು. ಅಲ್ಲಿಂದ ಯಾರೂ ಬಿಡಿಸುವಂತಿಲ್ಲ ಎಂದು ತಿಳಿದುಕೊಂಡಿದ್ದೆ.

ಆಗ ಕಮಿಟಿ ಒಂದು ಸಭೆ ಕರೆಯಿತು. ಅನುಕೂಲ ಇದ್ದವರು ತಮ್ಮವರ ಕುಣಿಗೆ ಸಿಮೆಂಟು ಹಾಕಿ, ಮೇಲೆ ಕರಿಕಲ್ಲು ಕೂರಿಸಿ, ಹೆಸರು ಕೆತ್ತಿಸಿ ಖಾಯಂ ಮಾಡಿಕೊಳ್ಳಬಹುದು, ಅಂಥವನ್ನು ಮತ್ತೆ ತೆಗೆಯುವುದಿಲ್ಲ ಎಂಬ ಮಾತು ಬಂತು. ಎಲ್ಲರಿಗೂ ಸಂತೋಷ. ಜಾಗ ಸಾಲದಿದ್ದರೆ ಬೇಲಿಯ ಆಚೆ ಒಂದಿಷ್ಟು ಕಾಡು ಕೊಡಿ ಎಂದು ಅರ್ಜಿ ಹಾಕೋಣ ಎಂದ ಗುತ್ತಿಗೆದಾರ. ಬಾಗಿಲ ಹತ್ತಿರ ನಿಂತಿದ್ದ ಕುಣಿ ತೆಗೆಯುವವನು ಕೈ ಎತ್ತಿದ. ಸಭೆಯಲ್ಲಿ ಅವನು ಮಾತಾಡಿದ್ದು ಅದೊಂದೇ ಸಲ.

"ಕಾಡು ಯಾಕ ಕೊಡ್ತಾರ್ರಿ? ಅಲ್ಲಿ ಇರಾವ್ರು ಎಲ್ಲಿ ಹೋಗಬೇಕು? ನೀವೆಲ್ಲಾ ಕ್ವಾರ್ಟರ್ಸ್‌ನ್ಯಾಗ ಇದ್ದ ಮಂದಿ. ರಿಟೈರ್ ಆದಾವ ಕೀಲಿ ಕೊಟ್ಟು ಹೋಗ್ತಾನ, ಮುಂದಿನಾವ ಬರ್ತಾನ. ಈ ನೆಲಾನೂ ಹಂಗ ಐತಿ. ದೇವರ ಕ್ವಾರ್ಟರ್ಸ್. ಸತ್ತ ಮ್ಯಾಲೂ ಕೀಲಿ ಕೊಡೂದಿಲ್ಲ ಅಂದ್ರ ಹೆಂಗ?"

ಯಾರೋ ಹಿಂದಿನಿಂದ, ನೀನು ಯಾವಾಗ ಕೀಲಿ ಕೊಡ್ತಿ ಮಾರಾಯಾ ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ಆ ಮಾತು ನನಗೆ ಇಷ್ಟವಾಗಲಿಲ್ಲ. ಒಮ್ಮೆ ಕೀಲಿ ಕೊಟ್ಟು ಬೀದಿಗೆ ಬಂದವಳು ನಾನು. ಸತ್ತ ಮೇಲೂ ಕೊಡು ಎಂದರೆ ಯಾರಿಗೆ ಇಷ್ಟವಾದೀತು. ನಿರ್ಣಯ ಪಾಸಾಯಿತು. ಎರಡು ವರ್ಷದೊಳಗೆ ಸಿಮೆಟ್ರಿಯ ಅರ್ಧಕ್ಕಿಂತ ಹೆಚ್ಚು ಕರಿಕಲ್ಲಾಯಿತು. ಬೇಸಿಗೆಯಲ್ಲಿ ಬರಿಗಾಲಿನಲ್ಲಿ ನಡೆಯಲು ಅವನಿಗೂ ಆಗುತ್ತಿರಲಿಲ್ಲ. ಕಾಡಿನ ಅರ್ಜಿಗೆ ಉತ್ತರ ಬರಲಿಲ್ಲ.

ಮೂರು ವರ್ಷದ ಹಿಂದಿನ ಆಷಾಢದ ಮಳೆಯಲ್ಲಿ ಅವನು ನನ್ನ ಮನೆಗೆ ಬಂದ. ಅದುವರೆಗೆ ಒಮ್ಮೆಯೂ ಬಂದವನಲ್ಲ. ಗೋಣಿಯ ಕೊಪ್ಪೆ ಹಾಕಿಕೊಂಡು ಹೊಸ್ತಿಲ ಹೊರಗೇ ನಿಂತ. ಒಂದು ರೆಸಾರ್ಟಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗಿ ಕಾಮಾಲೆಯಾಗಿ ಸತ್ತಿದ್ದಳು. ಜೋಯಿಡಾದ ಒಳಗಿನ ಹಳ್ಳಿಯವಳು, ನಮ್ಮ ಜಾತಿ ಮತದವಳೇ. ಹಳ್ಳಗಳು ತುಂಬಿ ಊರಿನ ದಾರಿ ಮುಚ್ಚಿತ್ತು, ಹೆಣ ಒಯ್ಯುವಂತಿರಲಿಲ್ಲ. ಸಿಮೆಟ್ರಿಯಲ್ಲಿ ಕಲ್ಲಿಲ್ಲದ ಕುಣಿಗಳೆಲ್ಲ ಹೊಸವು. ಏಳು ದಾಟಿದ್ದು, ಸಿಮೆಂಟು ಇಲ್ಲದ್ದು ನನ್ನ ಗಂಡನದು ಒಂದೇ.

"ನಿನ್ನ ಗಂಡಂದು ಕೊಡ್ತಿ ಏನು, ಬಾಯೆ?" ಎಂದ.

ನಾನು ಕೊಡುವುದಿಲ್ಲ ಎಂದೆ. ಕೊಟ್ಟರೆ ಇನ್ನೇಳು ಮಳೆಗಾಲ ಅದನ್ನು ತೆಗೆಯುವಂತಿಲ್ಲ, ಅಷ್ಟರಲ್ಲಿ ನಾನು ಸತ್ತರೆ ನನ್ನನ್ನು ಎಲ್ಲಿ ಒಗೆಯುತ್ತಾರೆ ಎಂದು ಕೇಳಿದೆ. ಆ ಹುಡುಗಿ ನನಗೇನಾಗಬೇಕು ಎಂದೂ ಕೇಳಿದೆ. ಅವನು "ಖರೆ ಐತಿ" ಎಂದು ಹೇಳಿ, ಚಹಾ ಕುಡಿಯುತ್ತೀಯಾ ಎಂದದ್ದಕ್ಕೆ ಬೇಡವೆಂದು, ಮಳೆಯಲ್ಲಿ ಹೋದ. ನನಗೆ ಸಮಾಧಾನವಾಯಿತು. ತಪ್ಪಿಲ್ಲದ ಮಾತು ಆಡಿದ್ದೆ.

ಮರುದಿನ ತಿಳಿಯಿತು. ಅವನು ತನ್ನ ಹೆಂಡತಿಯ ಕುಣಿ ತೆಗೆದಿದ್ದ. ಆಕೆ ಹೋಗಿ ಐದೇ ಮಳೆಗಾಲ ಆಗಿತ್ತು. ಏಳರ ಮೊದಲು ಯಾರ ಕುಣಿಗೂ ಗುದ್ದಲಿ ಹಾಕಬಾರದು ಎಂದು ಗುತ್ತಿಗೆದಾರನ ಜೊತೆ, ಫಾದರ್ ಜೊತೆ, ನನ್ನ ಜೊತೆ ಜಗಳ ಮಾಡಿದವನು. ಒಬ್ಬನೇ ತೆಗೆದ, ಸುತ್ತಲೂ ತಾಡಪತ್ರಿ ಕಟ್ಟಿ ಯಾರಿಗೂ ನೋಡಲು ಬಿಡಲಿಲ್ಲ. ಒಳಗೆ ಏನು ನೋಡಿದ ಎಂದು ಯಾರಿಗೂ ಹೇಳಲಿಲ್ಲ. ಆ ಹುಡುಗಿಯನ್ನು ಅಲ್ಲಿ ಇಟ್ಟ. ಆ ಜಾಗ ಅವನಿಗೆಂದು ಇದ್ದದ್ದು, ಎಲ್ಲರಿಗೂ ಗೊತ್ತಿತ್ತು.

ಅದಾದ ಮೇಲೆ ಅವನು ನನ್ನ ಹೂ ಎಸೆಯುವುದನ್ನು ನಿಲ್ಲಿಸಿದ. ಗೇಟು ತೆಗೆದು ಸುಮ್ಮನೆ ಹೋಗುತ್ತಿದ್ದ. ಎಸೆದಿದ್ದರೆ ಒಳ್ಳೆಯದಿತ್ತು. ಸತ್ತವರ ಹಬ್ಬದ ದಿನ ನಾನು ಬೇಕೆಂದೇ ಒಂದು ದೊಡ್ಡ ಚಕ್ರವನ್ನು ಅವನ ದಾರಿಗೆ ಅಡ್ಡ ಇಟ್ಟೆ. ಅವನು ದಾಟಿಕೊಂಡು ಹೋದ. ನಾನು ಕೂತಲ್ಲಿ ಕೂರಲಾರದೆ ಒಳಗೆ ಹೋಗಿ, ಯಾಕೋ, ಬಾಯಿ ಬಿದ್ದುಹೋಯಿತೇನು ಎಂದು ಕೇಳಿದೆ. ಅವನು, "ನೀ ಸುಳ್ಳು ಹೇಳಲಿಲ್ಲ ಬಾಯೆ. ನಂಗ ಸಿಟ್ಟಿಲ್ಲ" ಎಂದ. ಈ ಮಾತು ನನ್ನನ್ನು ಹುಳದ ಹಾಗೆ ಕೊರೆಯಿತು. ಸಿಟ್ಟಿದೆ ಎಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಮನೆಯಲ್ಲಿ ತಂತಿ ಬಗ್ಗಿಸಲು ಕೂತರೆ ಕೈ ಓಡುತ್ತಿರಲಿಲ್ಲ, ಎದ್ದು ಹೊರಗೆ ಹೋಗುತ್ತಿದ್ದೆ, ಹೊರಗೆ ಹೋದರೆ ಕಾಲು ಸಿಮೆಟ್ರಿಯ ಕಡೆ ಹೋಗುತ್ತಿತ್ತು. ಮೂರು ವರ್ಷ ಹೀಗೆ.

ಈ ವರ್ಷ ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ಅವನು ಸತ್ತ. ಸಿಮೆಟ್ರಿಯ ಗೋಡೆಗೆ ಹೊಂದಿದ ಕೋಣೆಯಲ್ಲಿ, ಹಾಸಿಗೆಯಲ್ಲೇ. ಬೆಳಿಗ್ಗೆ ಚಹಾ ಕೊಡಲು ಹೋದ ಅಂಗಡಿಯವನು ನೋಡಿದ್ದು. ಮಕ್ಕಳಿಲ್ಲ. ಕಮಿಟಿ ಸೇರಿತು. ಎಲ್ಲಿ ಇಡುವುದು ಎಂಬ ಪ್ರಶ್ನೆ. ಹೆಂಡತಿಯ ಕುಣಿಯಲ್ಲಿ ಆ ಹುಡುಗಿ ಹೋಗಿ ಮೂರು ಮಳೆ ಮಾತ್ರ. ಉಳಿದ ಮಣ್ಣಿನ ಕುಣಿಗಳಿಗೂ ಏಳು ತುಂಬಿರಲಿಲ್ಲ. ಕರಿಕಲ್ಲಿನವರು ಯಾರೂ ಕಲ್ಲು ಎತ್ತಲು ಒಪ್ಪುವುದಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಅವನ ಮೂಲ ಊರಿಗೆ ಕಳಿಸೋಣ, ಆಂಬುಲೆನ್ಸ್ ಖರ್ಚು ನಾನೇ ಕೊಡುತ್ತೇನೆ ಎಂದ ಗುತ್ತಿಗೆದಾರ. ಊರಿನಲ್ಲಿ ಯಾರಿದ್ದಾರೆ ಎಂದು ಫಾದರ್ ಕೇಳಿದರು. ಯಾರೂ ಇರಲಿಲ್ಲ. ನಲವತ್ತು ವರ್ಷ ಊರಿನವರಿಗೆಲ್ಲ ಕುಣಿ ತೆಗೆದವನಿಗೆ ಒಂದು ಕುಣಿ ಇಲ್ಲ.

ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಜೊತೆ ಜೋಯಿಡಾ ತಾಲೂಕಿನ ರಾಮನಗರದಲ್ಲಿರುವ ನನ್ನ ಮಗಳೂ ಇದ್ದಳು. ಅವಳು ಹಬ್ಬದ ಮೊದಲು ಅಪ್ಪನ ಕುಣಿಗೆ ಕಲ್ಲು ಹಾಕಿಸಬೇಕು ಎಂದು ಅಳತೆ ತೆಗೆದುಕೊಳ್ಳಲು ಬಂದವಳು.

"ನನ್ನ ಗಂಡಂದು ತೆಗೀರಿ" ಎಂದೆ ನಾನು.

ಮಗಳು ನನ್ನ ಸೆರಗು ಹಿಡಿದು ಹೊರಗೆ ಎಳೆದಳು. ಬುದ್ಧಿ ನೆಟ್ಟಗಿದೆಯೋ ಇಲ್ಲವೋ, ಅಪ್ಪನ ಜಾಗಕ್ಕೆ ಕುಣಿ ತೆಗೆಯುವವನನ್ನು ಇಡುವುದೇ, ಜನ ಏನೆಂದಾರು ಎಂದು ಪಿಸುಗುಟ್ಟುತ್ತಲೇ ಬೈದಳು. ಕೊನೆಗೆ, "ನೀ ಎಲ್ಲಿ ಹೋಗ್ತಿ ಯವ್ವಾ?" ಎಂದಳು. ನಾನು ಮೂರು ವರ್ಷದ ಹಿಂದೆ ಅವನಿಗೆ ಕೇಳಿದ ಪ್ರಶ್ನೆಯೇ ಅದು. ಗೊತ್ತಿಲ್ಲ, ಆದರೆ ಹೇಳಿಯಾಗಿದೆ ಎಂದೆ. ಅವಳು ಅಳತೆಯ ಟೇಪನ್ನು ಚೀಲಕ್ಕೆ ತುರುಕಿ ಮುಖ ತಿರುಗಿಸಿದಳು. ಆದರೂ ಬಸ್ಸಿಗೆ ಹೋಗಲಿಲ್ಲ.

ತೋಡಲು ಇಬ್ಬರು ಕೂಲಿಯವರನ್ನು ಕರೆಸಿದ್ದರು. ಅವರಿಗೆ ಏನೂ ಗೊತ್ತಿಲ್ಲ. ಎಲ್ಲ ಮಣ್ಣನ್ನೂ ಒಂದೇ ಕಡೆ ಎಸೆಯತೊಡಗಿದರು. ನಾನು ಅಂಚಿಗೆ ಹೋಗಿ ನಿಂತು, ಕಪ್ಪು ಆ ಕಡೆ, ಕೆಂಪು ಈ ಕಡೆ ಎಂದು ಕೂಗಿದೆ. ಮುದುಕಿ ಹೆಣ ಹೂಳಲು ಕಲಿಸುತ್ತಾಳೆ ಎಂದು ಒಬ್ಬ ಗೊಣಗಿದ. ಗೊಣಗಲಿ. ಹಳ್ಳದಾಚೆಯ ರೈತ ಬಂದಿದ್ದ, ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಆತ ಏನೂ ಕೇಳದೆ ಒಳಗಿಳಿದು ಒಬ್ಬನ ಕೈಯಿಂದ ಗುದ್ದಲಿ ತೆಗೆದುಕೊಂಡ.

ನನ್ನ ಗಂಡನನ್ನು ಟೆರಿಲಿನ್ ಸಫಾರಿ ಸೂಟು ತೊಡಿಸಿ ಕಳಿಸಿದ್ದೆ, ಮಗಳ ಮದುವೆಗೆ ಹೊಲಿಸಿದ್ದು. ಸೂಟು ಇತ್ತು. ಗಂಡ ಇರಲಿಲ್ಲ. ಗುಂಡಿಗಳೆಲ್ಲ ಹಾಕಿದ ಹಾಗೆಯೇ ಇದ್ದವು. ಮಗಳು ನೋಡಿ ಗೋಡೆಯ ಕಡೆ ಹೋಗಿ ಕೂತುಬಿಟ್ಟಳು. ನಾನು ಆರು ಗುಂಡಿ ಬಿಚ್ಚಿ, ಒಳಗಿದ್ದಷ್ಟನ್ನು ಬಿಳಿ ಪಂಚೆಗೆ ಕಟ್ಟಿ ಮೂಲೆಗೆ ಇಡಿಸಿದೆ. ಸೂಟನ್ನು ಹೊರಗೆ ತೆಗೆಸಿದೆ. ನನಗೆ ಅಳು ಬರಲಿಲ್ಲ. ಇಷ್ಟು ವರ್ಷ ಇದನ್ನು ಅಲ್ಲಿ ಇಟ್ಟೆನಲ್ಲ ಎಂದು ಮೈ ಪರಚಿಕೊಳ್ಳುವಂತಾಯಿತು.

ಅವನನ್ನು ಪೆಟ್ಟಿಗೆಯಿಲ್ಲದೆ ಹತ್ತಿಯ ಚಾದರದಲ್ಲಿ ಸುತ್ತಿ ಇಳಿಸಿದರು, ಹಾಗೆ ಹೇಳಿಟ್ಟಿದ್ದ. ಫಾದರ್ ಪ್ರಾರ್ಥನೆ ಹೇಳಿ ಮೊದಲ ಹಿಡಿ ಮಣ್ಣು ಹಾಕಿದರು. ಆಗ ಗುತ್ತಿಗೆದಾರ ಒಂದು ಪ್ಲಾಸ್ಟಿಕ್ ಹೂಚಕ್ರ ಹಿಡಿದು ಬಂದ, ಹಳಿಯಾಳದಿಂದ ತರಿಸಿದ್ದು, ನನ್ನ ಕೈಯದಕ್ಕಿಂತ ದೊಡ್ಡದು. ನಾನು ಅಡ್ಡ ನಿಂತೆ. ಅವನಿಗೆ ಗೌರವ ತೋರಿಸುವುದು ಬೇಡವೇ ಎಂದ. ನಾನು ಕೊಡಿ ಎಂದು ಕಸಿದುಕೊಂಡು ಹೋಗಿ ಗೇಟಿಗೆ ನೇತುಹಾಕಿ ಬಂದೆ. ಫಾದರ್ ಇದನ್ನು ಮುಂದಿನ ಭಾನುವಾರದ ಪ್ರಸಂಗದಲ್ಲಿ ಎತ್ತಿ ಆಡಿದರು. ಒಬ್ಬ ತಾಯಿಯ ಮನಸ್ಸು ತಿರುಗಿತು, ಸೃಷ್ಟಿಯ ಮೇಲೆ ಪ್ರೀತಿ ಹುಟ್ಟಿತು ಎಂದರು. ಅವರು ಒಳ್ಳೆಯವರು, ಆದರೆ ಅದು ಹಾಗಲ್ಲ. ಆ ಚಕ್ರ ಒಳಗೆ ಹೋದರೆ ಏಳು ಮಳೆಗಾಲ ಹದಿನಾಲ್ಕಾಗುತ್ತದೆ. ನನ್ನ ಸರದಿಗೆ ಅಷ್ಟು ಕಾಯಲು ನನ್ನ ಕೈಯಲ್ಲಿ ಆಗುವುದಿಲ್ಲ. ಪ್ಲಾಸ್ಟಿಕ್ ಹೂ ಈಗಲೂ ಮಾರುತ್ತೇನೆ, ಮನೆಯ ದೇವರ ಮುಂದೆ ಇಡುವವರಿಗೆ, ಲಾರಿಗೆ ಕಟ್ಟುವವರಿಗೆ. ಕುಣಿಗೆ ಹಾಕಲು ಕೊಡುವುದಿಲ್ಲ. ಯಾಕೆಂದು ಕೇಳಿದರೆ ಜಗಳವಾಡುತ್ತೇನೆ.

ಈಗ ಅವನ ಕೆಲಸಕ್ಕೆ ಯಾರೂ ಇಲ್ಲ. ಮಳೆ ಬಿಟ್ಟ ದಿನ ನಾನು ಹೋಗಿ ನೋಡುತ್ತೇನೆ, ಕುಣಿಯ ಮೇಲಿನ ಮಣ್ಣು ಎಷ್ಟು ಇಳಿಯಿತು ಎಂದು. ಒಂದು ಗೇಣು ಇಳಿದಿದೆ. ಸಾಲದು. ಎಪ್ಪತ್ತಮೂರು ವರ್ಷವಾಯಿತು ನನಗೆ. ರಕ್ತದೊತ್ತಡದ ಗುಳಿಗೆಯನ್ನು ಮೊದಲು ನೆನಪಾದಾಗ ನುಂಗುತ್ತಿದ್ದೆ, ಈಗ ತಪ್ಪಿಸುವುದಿಲ್ಲ. ತಂಬಾಕು ಬಿಟ್ಟಿದ್ದೇನೆ, ಬಿಟ್ಟಾಗಿನಿಂದ ಯಾರ ಮುಖ ಕಂಡರೂ ಉರಿಯುತ್ತದೆ. ಮಗಳು ರಾಮನಗರದಲ್ಲಿ ಜಾಗ ನೋಡುತ್ತೇನೆ ಎನ್ನುತ್ತಾಳೆ. ಅಲ್ಲಿ ನನಗೆ ಯಾರ ಗುರುತಿದೆ.

ಕಳೆದ ವಾರ ಗುತ್ತಿಗೆದಾರ ಕಮಿಟಿಯ ಪುಸ್ತಕ ಹಿಡಿದುಕೊಂಡು ಗೇಟಿನ ಹತ್ತಿರ ಬಂದ. ಯಾವ ಕುಣಿ ಯಾವಾಗ ತೆರವಾಗುತ್ತದೆ ಎಂದು ಬರೆದುಕೊಳ್ಳುತ್ತಿದ್ದ. ನನ್ನದಕ್ಕೆ, ಈ ವರ್ಷದ್ದು ಬಿಟ್ಟು, ಇನ್ನೂ ಆರು ಮಳೆಗಾಲ ಎಂದು ಬರೆದ. ಪೆನ್ನು ಮುಚ್ಚಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಕೆಟ್ಟವನಲ್ಲ ಅವನೂ.

"ಆಯಿ, ನಡುವ ಏನಾರ ಹೆಚ್ಚುಕಮ್ಮಿ ಆದ್ರ ನಿಮಗ ಇಲ್ಲಿ ಜಾಗ ಇಲ್ಲ ನೋಡ್ರಿ" ಎಂದ.

"ಹಂಗಾರ ಸಾಯೂದಿಲ್ಲ, ಬರಕೋರಿ" ಎಂದೆ.